ಎಡ ಹುಬ್ಬು, ಬಲ ಹುಬ್ಬು

ನಮ್ಮ ಮನೆಯ ಟೀವಿ ಹಾಳಾಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮೂರು ಮಂಕಿಯ ಜನ ಇದನ್ನೇ ಕೇಳಿ ಕೇಳಿ ನನ್ನ ತಲೆ ತಿಂದರು.

"ಇದ್ದ ಟೀವಿಗೆ ಎಂತ ಆಯ್ತು ಕಂಡಕ್ಟ್ರೇ?"

"ಎಂತಾ ಆಗ್ಲಿಲ್ಲ."

"ಮತ್ತೆಂತಕ್ಕೆ ಹೊಸ್ತು?"

ಕ್ರಿಕೆಟ್ ನೋಡಲಿಕ್ಕೆ ಎಂದು ಹೇಳಿ ದಾಟಿಸುತ್ತಿದ್ದೆ. ಕ್ರಿಕೆಟ್ಟಿನಲ್ಲಿ ಒಂದು ಕಡೆಗೆ ಎಷ್ಟು ಜನ ಎಂದು ತಿರುಗಿ ಕೇಳಿದ್ದರೆ ನನ್ನ ಬಣ್ಣ ಬಯಲಾಗುತ್ತಿತ್ತು. ಪುಣ್ಯಕ್ಕೆ ಯಾರೂ ಕೇಳಲಿಲ್ಲ. ಕಂಡಕ್ಟರನ ಹತ್ತಿರ ಜನ ಪ್ರಶ್ನೆ ಕೇಳುತ್ತಾರೆ, ಉತ್ತರ ಕೇಳಿಸಿಕೊಳ್ಳುವುದಿಲ್ಲ.

ನಾನು ಭಟ್ಕಳ–ಕುಮಟಾ ಲೋಕಲ್ ಬಸ್ಸಿನ ಕಂಡಕ್ಟರ್, ಹೆಸರು ರಮಾನಂದ. ಮುಂದೆ ಹೋಗಿ ಮುಂದೆ ಹೋಗಿ ಎಂದು ಕಿರುಚಿ ಕಿರುಚಿ ಮನೆಯಲ್ಲೂ ಮೆಲ್ಲಗೆ ಮಾತಾಡಲು ಬಾರದವನು. ಹೆಂಡತಿ ದೇವಿಯೂ ನನಗೆ ಸರಿಯಾದ ಜೋಡಿ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ನಮ್ಮದು ಉಂಡ ಮೇಲೂ ನಡೆಯುತ್ತಿತ್ತು, ಬೆಳಿಗ್ಗೆ ಚಾ ಕುಡಿಯುವಾಗ ಬಿಟ್ಟಲ್ಲಿಂದಲೇ ಮತ್ತೆ ಶುರುವಾಗುತ್ತಿತ್ತು. ನಡುವೆ ನ್ಯಾಯ ಹೇಳಲಿಕ್ಕೆ ಒಬ್ಬಳು ಮಗಳಿದ್ದಳು, ಧನ್ಯಾ. ಈಗ ಇಲ್ಲ.

ಮಧ್ಯಾಹ್ನದ ಟ್ರಿಪ್ಪು ಮಂಕಿ ಸ್ಟಾಪಿಗೆ ಬರುವ ಹೊತ್ತಿಗೆ ಅವಳು ನನ್ನ ಬುತ್ತಿ ಹಿಡಿದು ನಿಂತಿರುತ್ತಿದ್ದಳು. ನಮ್ಮ ರೂಟಿನಲ್ಲಿ ಯಾವ ಕಂಡಕ್ಟರನ ಮನೆ ದಾರಿಯಲ್ಲಿದ್ದರೂ ಹೀಗೆಯೇ, ಬುತ್ತಿ ಸ್ಟಾಪಿಗೆ ಬರುತ್ತದೆ. ನಾನು ಬಸ್ಸಿನ ಮೆಟ್ಟಿಲ ಮೇಲೆ, ಅವಳು ಕೆಳಗೆ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಮುಖ ಎತ್ತಿ, "ಅಪ್ಪಾ, ಇವತ್ತು ಬಂಗಡೆ" ಎನ್ನುತ್ತಿದ್ದಳು. ಇಲ್ಲದಿದ್ದರೆ, "ಇವತ್ತು ಬರೀ ತಿಳಿಸಾರು. ಅಮ್ಮ ಸಿಟ್ಟಲ್ಲಿದ್ದಾಳೆ, ಸಂಜೆ ನೀ ಬಾಯಿ ಮುಚ್ಕಂಡು ಬಾ." ಬಸ್ಸಿಡೀ ನಗುತ್ತಿತ್ತು. ನಾನು ರೈಟ್ ಎಂದು ಕೂಗುತ್ತಿದ್ದೆ.

ಅವಳಿಗೆ ಸಂಬಂಧ ನೋಡುತ್ತಿದ್ದ ವರ್ಷ, ಮಳೆಗಾಲದಲ್ಲಿ ದೇವಿಯ ಜೊತೆ ನೆಟ್ಟಿಗೆಂದು ಗದ್ದೆಗೆ ಇಳಿದಿದ್ದಳು. ಕಾಲಿನಲ್ಲಿ ಸಣ್ಣ ಗಾಯವಿತ್ತು. ಜ್ವರ ಬಂತು, ಮಳೆಯ ಜ್ವರ ಎಂದುಕೊಂಡೆವು. ಇಲಿ ಜ್ವರ ಎಂದು ಗೊತ್ತಾಗುವಾಗ ಕಣ್ಣು ಹಳದಿಯಾಗಿತ್ತು. ವಾರ ತುಂಬಲಿಲ್ಲ. ಇದರ ಬಗ್ಗೆ ಇದಕ್ಕಿಂತ ಹೆಚ್ಚು ನನ್ನಿಂದ ಹೇಳಲಾಗುವುದಿಲ್ಲ, ಕೇಳಲೂಬೇಡಿ.

ನಾಲ್ಕು ವರ್ಷ ಹೇಗೋ ಕಳೆಯಿತು. ಒಂದು ದಿನ ಬಸ್ಸಿನಲ್ಲಿ ಒಬ್ಬಳು ಕಾಲೇಜು ಹುಡುಗಿಯ ಹುಬ್ಬಿನ ನಡುವೆ ಒಂದು ಬಿರುಕು ಕಂಡೆ. ನಮ್ಮ ಧನ್ಯಾಳಿಗೂ ಹಾಗೆಯೇ ಇತ್ತು. ಅಂಬೆಗಾಲಿಡುವಾಗ ಅಡಿಗೆಮನೆಯ ಒಳಕಲ್ಲಿನ ಮೇಲೆ ಬಿದ್ದು ಹುಬ್ಬು ಸೀಳಿತ್ತು, ಗಾಯ ಮಾಗಿದ ಮೇಲೂ ಅಲ್ಲಿ ಅಕ್ಕಿಕಾಳಿನಷ್ಟು ಜಾಗದಲ್ಲಿ ಕೂದಲು ಹುಟ್ಟಲಿಲ್ಲ. ಮನೆಗೆ ಬಂದವನೇ ದೇವಿಗೆ ಹೇಳಿದೆ.

"ಥೇಟ್ ನಮ್ಮ ಧನ್ಯಾಳ ಹಾಂಗೇ. ಎಡ ಹುಬ್ಬಲ್ಲಿ."

ದೇವಿ ತೆಂಗಿನಕಾಯಿ ತುರಿಯುತ್ತಿದ್ದವಳು ಕೈ ನಿಲ್ಲಿಸಿದಳು. "ಎಡ ಎಲ್ಲಿತ್ತು? ಬಲ."

"ಎಂತ ಬಲ? ದಿನಾ ಬುತ್ತಿ ಕೊಡೂಕೆ ಬಂದು ನನ್ನ ಎದುರೇ ಮುಖ ಎತ್ತಿ ನಿಲ್ತಿದ್ಲು. ನಂಗೊತ್ತಿಲ್ವಾ?"

"ನಾ ದಿನಾ ಕನ್ನಡಿ ಎದುರು ಕೂರ್ಸಿ ಜಡೆ ಹಾಕ್ತಿದ್ದೆ. ನಂಗೊತ್ತಿಲ್ವಾ?"

ಎದುರು ನಿಂತು ನೋಡಿದವನಿಗೆ ಒಂದು ಕಡೆ, ಕನ್ನಡಿಯಲ್ಲಿ ನೋಡಿದವಳಿಗೆ ಇನ್ನೊಂದು ಕಡೆ. ಅವಳ ಎಡವೋ ನೋಡುವವರ ಎಡವೋ, ಕನ್ನಡಿಯ ಬಲವೋ ನಿಜದ ಬಲವೋ. ನಾನು ಎದ್ದು ನಿಂತು ನನ್ನ ಹುಬ್ಬು ಮುಟ್ಟಿಕೊಂಡು ತೋರಿಸಿದೆ. ದೇವಿ ಕನ್ನಡಿ ತಂದಳು. ಮೊದಲಿಗೆ ಜೋರಾಗಿ ಜಗಳಾಡಿದೆವು, ಹಳೇ ಖುಷಿ ಬಂದಿತ್ತು ಅಂತ ಬೇಕಾದರೂ ಹೇಳಿ. ಆಮೇಲೆ ದೇವಿ ಕನ್ನಡಿಯನ್ನು ಬೋರಲು ಇಟ್ಟಳು. ಹೆತ್ತ ಮಗಳ ಮುಖದ ಗುರುತು ಯಾವ ಕಡೆ ಇತ್ತು ಎಂದರೆ ಅಪ್ಪ ಒಂದು ಹೇಳುತ್ತಾನೆ, ಅಮ್ಮ ಇನ್ನೊಂದು.

ಫೋಟೋ ನೋಡಿದರೆ ಆಯಿತಲ್ಲ ಎನ್ನುತ್ತೀರಿ. ಗೋಡೆಯ ಮೇಲೆ ಹಾರ ಹಾಕಿದ ಫೋಟೋ ಇದೆ. ಅದು ಸಂಬಂಧ ನೋಡುವಾಗ ಜಾತಕದ ಜೊತೆ ಕೊಡಲಿಕ್ಕೆಂದು ಹೊನ್ನಾವರದ ಸ್ಟುಡಿಯೋದಲ್ಲಿ ತೆಗೆಸಿದ್ದು. ಗಂಡಿನ ಕಡೆಯವರ ಕಣ್ಣು ಮೊದಲು ಗುರುತಿಗೇ ಹೋಗುವುದು ಬೇಡ ಎಂದು ದೇವಿಯೇ ಸ್ಟುಡಿಯೋದವನಿಗೆ ಹೇಳಿ ಹುಬ್ಬು ತುಂಬಿಸಿದ್ದಳು. ನಮ್ಮ ಕಡೆ ಎಲ್ಲರೂ ಮಾಡಿಸುತ್ತಾರೆ. ಕಪ್ಪಿದ್ದವರನ್ನು ಬೆಳ್ಳಗೆ ಮಾಡಿಸುತ್ತಾರೆ, ಮಚ್ಚೆ ತೆಗೆಸುತ್ತಾರೆ. ಧನ್ಯಾಳ ಎರಡೂ ಹುಬ್ಬು ಆ ಫೋಟೋದಲ್ಲಿ ಕಾಡಿಗೆ ತೀಡಿದ ಹಾಗೆ ಒಂದೇ ನಮೂನೆ. ಮೊದಲಿನ ಫೋಟೋ ಉಂಟಾ ಎಂದು ಕೇಳಲು ಹೋದೆ. ಟಚಿಂಗ್ ಆದ ಮೇಲೆ ಹಳೇದನ್ನು ಕಂಪ್ಯೂಟರಿನಲ್ಲಿ ಇಡುವುದಿಲ್ಲ ಎಂದ. ಶಾಲೆಯ ಗುಂಪು ಫೋಟೋದಲ್ಲಿ ಅವಳ ಮುಖ ಕಡಲೆಬೇಳೆಯಷ್ಟು.

"ಉಮೇಶನ ಹತ್ರ ಕೇಳ್ವ," ಎಂದೆ. ಉಮೇಶ ದೇವಿಯ ತಮ್ಮ, ಹೊನ್ನಾವರದಲ್ಲಿ ಐಸ್ ಫ್ಯಾಕ್ಟರಿಯ ಮೆನೇಜರ್. ಧನ್ಯಾ ಅವನ ಮನೆಯಲ್ಲೇ ಅರ್ಧ ಬೆಳೆದವಳು.

ದೇವಿ ನನ್ನನ್ನು ನೋಡಿದ ರೀತಿ ಈಗಲೂ ಮರೆತಿಲ್ಲ. "ಹೆತ್ತವಳು ನಾನು. ನನ್ನ ಮಗಳಿಗೆ ಗುರುತು ಎಲ್ಲಿತ್ತು ಅಂತ ಇನ್ನೊಬ್ರ ಹತ್ರ ಕೇಳೂದಾ? ಯಾರ ಹತ್ರ ಆದ್ರೂ ಬಾಯಿ ಬಿಟ್ರೆ ನನ್ನಾಣೆ ಉಂಟು."

ಉಳಿದದ್ದು ಒಂದೇ, ಸೀಡಿ. ಉಮೇಶನ ಮಗಳು ಅಂಕಿತಾಳ ಮದುವೆ ಇಡಗುಂಜಿಯಲ್ಲಿ ಆಗಿತ್ತು, ಧನ್ಯಾ ಹೋಗುವ ಕೆಲವೇ ತಿಂಗಳ ಮೊದಲು. ಆ ಮದುವೆಯ ಸೀಡಿ ನಮ್ಮಲ್ಲಿತ್ತು. ಊಟದ ಪಂಕ್ತಿಯಲ್ಲಿ ಧನ್ಯಾ ಪಾಯಸದ ಬಕೆಟ್ ಹಿಡಿದು ಬರುತ್ತಾಳೆ. ವಿಡಿಯೋದವನು ಅವಳ ಮುಖಕ್ಕೆ ದೊಡ್ಡ ಲೈಟು ಬಿಡುತ್ತಾನೆ. ಅವಳು ನಾಚಿ ನಗುತ್ತಾಳೆ, ಏನೋ ಹೇಳುತ್ತಾಳೆ. ಏನು ಹೇಳಿದಳೋ ಕೇಳಿಸುವುದಿಲ್ಲ, ಇಡೀ ಊಟಕ್ಕೆ ಅವನು ಸಿನಿಮಾ ಹಾಡು ತುಂಬಿಸಿದ್ದಾನೆ. ಅಷ್ಟರಲ್ಲಿ ಚಿತ್ರ ಹೃದಯದ ಆಕಾರಕ್ಕೆ ತಿರುಗಿ ಗಿರಗಿರನೆ ಸುತ್ತಿ, ಮಾವಿನ ತೋರಣ ಆಗಿಬಿಡುತ್ತದೆ. ಅದು ವಿಡಿಯೋದವನ ಕಲೆಯಂತೆ. ಅವನ ಕಲೆಗೆ ಬೆಂಕಿ ಬೀಳಲಿ. ಮೂಲ ಟೇಪು ಉಂಟಾ ಎಂದು ಅವನನ್ನೂ ಕೇಳಿದೆ. ಅದರ ಮೇಲೆ ಬೇರೆ ಎಷ್ಟೋ ಮದುವೆ ತೆಗೆದಾಗಿತ್ತು.

ನಮ್ಮ ಸಣ್ಣ ಟೀವಿಯಲ್ಲಿ ಆ ಮುಖ ಅಂಗೈಯಷ್ಟು ಕಾಣುತ್ತಿತ್ತು. ಹುಬ್ಬು ಎರಡು ಗೆರೆ. ದೇವಿ ಗಾಜಿಗೆ ಮೂಗು ತಾಗಿಸಿ ನೋಡುತ್ತಿದ್ದಳು. ನಾನು ರಿಮೋಟ್ ಹಿಡಿದು ನಿಲ್ಲಿಸಿ ನಿಲ್ಲಿಸಿ ತೋರಿಸುತ್ತಿದ್ದೆ.

ಆಗಲೇ ಉಮೇಶ ತನ್ನ ಮನೆಗೆ ಹೊಸ ಟೀವಿ ತಂದದ್ದು. ತಂದವನಿಗೆ ತೋರಿಸದಿದ್ದರೆ ಉಂಡದ್ದು ಕರಗುವುದಿಲ್ಲವಲ್ಲ, ಫೋನು ಮಾಡಿ ಕರೆಸಿದ. ಗೋಡೆಗೆ ಅಂಟಿಸಿದ ಬಾಗಿಲಿನ ಹಾಗೆ ಅಗಲವಾದ, ಬೆನ್ನಿಲ್ಲದ ಟೀವಿ. ಅದರಲ್ಲಿ ಒಂದು ಹಕ್ಕಿ ಕೂತಿತ್ತು.

"ನೋಡಿ ಭಾವ, ಎಚ್‌ಡಿ," ಎಂದ. "ಪುಕ್ಕ ಲೆಕ್ಕ ಮಾಡೂಕಾಗ್ತದೆ."

ನಿಜ. ರೆಕ್ಕೆಯ ಎಳೆ ಎಳೆ ಕಾಣುತ್ತಿತ್ತು. ಹಕ್ಕಿಯ ಕಣ್ಣಿನ ಸುತ್ತ ಚರ್ಮದ ಸುಕ್ಕೂ ಕಾಣುತ್ತಿತ್ತು. ನಾನು ದೇವಿಯ ಕಡೆ ನೋಡಿದೆ. ಅವಳು ನನ್ನ ಕಡೆ ನೋಡಿದಳು. ಇಷ್ಟು ವರ್ಷದ ಸಂಸಾರದಲ್ಲಿ ನಾವಿಬ್ಬರೂ ಒಂದೇ ಹೊತ್ತಿಗೆ ಒಂದೇ ಯೋಚನೆ ಮಾಡಿದ್ದು ಅದೇ ಮೊದಲಿರಬೇಕು. ಹಕ್ಕಿಯ ಕಣ್ಣಿನ ಸುಕ್ಕು ಕಾಣುವ ಟೀವಿಯಲ್ಲಿ ಮಗಳ ಹುಬ್ಬು ಕಾಣದೆ ಇರುತ್ತದೆಯೇ?

ಸೀಡಿ ಅಲ್ಲೇ ಹಾಕಿ ನೋಡಬಹುದಿತ್ತು. ದೇವಿ ಒಪ್ಪಲಿಲ್ಲ. ಉಮೇಶ ಎಂತಕ್ಕೆ ಎಂದು ಕೇಳುತ್ತಾನೆ, ಅವನ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ, ಗುರುತಿನ ಸುದ್ದಿ ಹೊರಗೆ ಬೀಳುತ್ತದೆ. ಪರಿಚಯದವರ ಎದುರು ಆಗದ್ದು ಅಪರಿಚಿತರ ಎದುರು ಆಗುತ್ತದೆ. ನನ್ನ ವಾರದ ರಜೆ ನೋಡಿಕೊಂಡು ನಾವು ಸೀಡಿಯನ್ನು ಚೀಲದಲ್ಲಿ ಹಾಕಿಕೊಂಡು ಟೀವಿ ಆರಿಸಲು ಹೊರಟೆವು.

ಮೊದಲು ಭಟ್ಕಳ. ದುಬೈಗೆ ಹೋಗಿ ಬರುವವರಿಂದಾಗಿ ಹೊಸ ಮಾಲು ಮೊದಲು ಬಂದು ಬೀಳುವ ಪೇಟೆ ಅದು. ಅಂಗಡಿಯ ಸಾಹೇಬರು ವಯಸ್ಸಾದವರು, ದೇವಿಗೆ ಕುರ್ಚಿ ಹಾಕಿಸಿ ತಾವೇ ರಿಮೋಟ್ ಹಿಡಿದರು. "ಯಾವ ಸೈಜು ಬೇಕಮ್ಮಾ?"

"ಮುಖ ಸರಿ ಕಾಣೂದು," ಎಂದಳು ದೇವಿ.

ಸೀಡಿ ಹಾಕಿದರು. ಪಂಕ್ತಿ ಬಂತು, ಬಕೆಟ್ ಬಂತು, ಧನ್ಯಾ ಬಂದಳು. ಆದರೆ ಅವಳ ಕೆನ್ನೆ ಎರಡು ಕಡೆ ಉಬ್ಬಿ ಹೋಗಿತ್ತು, ಮುಖ ಕೆಸುವಿನ ಎಲೆಯಷ್ಟು ಅಗಲ.

"ಇದು ಯಾರು?" ಎಂದಳು ದೇವಿ. "ನನ್ನ ಮಗಳು ಇಷ್ಟು ದಪ್ಪ ಇರ್ಲಿಲ್ಲ."

"ಹಳೇ ಚಿತ್ರ ಚೌಕ ಇರ್ತದೆ ಅಮ್ಮಾ, ಟೀವಿ ಅಗಲ. ಎಳೆದು ತೋರಿಸ್ತದೆ." ಸಾಹೇಬರು ಒಂದು ಗುಂಡಿ ಒತ್ತಿದರು. ಎರಡೂ ಪಕ್ಕ ಕಪ್ಪು ಪಟ್ಟಿ ಬಂತು, ನಡುವೆ ಧನ್ಯಾ ಸಪೂರ ಆದಳು. ದೇವಿಗೆ ಉಸಿರು ಬಂತು. ಎದ್ದು ಹತ್ತಿರ ಹೋಗಿ ಆ ಮುಖದ ಹಣೆಯ ಮೇಲೆ ಬೆರಳಿಟ್ಟಳು, ಮನೆಯ ಟೀವಿಯ ಗಟ್ಟಿ ಗಾಜಿನ ಮೇಲೆ ಇಡುವ ಹಾಗೆ. ಇದು ಗಾಜಲ್ಲ, ಮೆತ್ತಗಿತ್ತು. ಬೆರಳಿನ ಕೆಳಗೆ ಮುಖ ಕಲಕಿ ಬಣ್ಣಬಣ್ಣ ಆಯಿತು. ದೇವಿ ಬೆಂಕಿ ಮುಟ್ಟಿದವಳ ಹಾಗೆ ಕೈ ಎಳೆದುಕೊಂಡಳು.

"ನೋವಾಯ್ತಾ ಮಗಾ?" ಎಂದುಬಿಟ್ಟಳು, ಟೀವಿಗೆ.

ಸಾಹೇಬರು ಮುಟ್ಟಬೇಡಿ ಎನ್ನಲು ಬಾಯಿ ತೆರೆದವರು ರಿಮೋಟ್ ಕೆಳಗಿಟ್ಟರು. "ಮಗಳು ಎಲ್ಲಿದ್ದಾಳೆ?" ಎಂದು ನನ್ನ ಹತ್ತಿರ ಮೆಲ್ಲಗೆ ಕೇಳಿದರು. ನಾನು ತಲೆ ಅಲ್ಲಾಡಿಸಿದೆ. ಆಮೇಲೆ ಅವರು ಟೀವಿಯ ಗುಣಗಾನ ಮಾಡಲಿಲ್ಲ. ಚಾ ತರಿಸಿಕೊಟ್ಟರು. ಹುಬ್ಬು ಮಾತ್ರ ಅಲ್ಲಿ ಬರೀ ಮಬ್ಬು.

ಹೊನ್ನಾವರದ ಅಂಗಡಿಯಲ್ಲಿ ಇನ್ನೂ ದೊಡ್ಡದಿತ್ತು. ಅಲ್ಲಿಯ ಸೇಲ್ಸಿನವನು ಕೃಷ್ಣಾನಂದ, ನನ್ನ ಬಸ್ಸಿನಲ್ಲೇ ಓಡಾಡುವವನು, ಬಾಯಿ ಮುಚ್ಚಿದರೆ ಸಂಬಳ ಹೋಗುತ್ತದೆ ಎಂಬಂತೆ ಮಾತಾಡುವವನು. ಲಕ್ಷ ಬಣ್ಣ, ಕೋಟಿ ಬಣ್ಣ ಎಂದೆಲ್ಲ ಹೇಳಿದ. ನಮಗೆ ಎರಡೇ ಬಣ್ಣ ಬೇಕಿತ್ತು, ಹುಬ್ಬಿನ ಕಪ್ಪು ಮತ್ತು ನಡುವೆ ಅಕ್ಕಿಕಾಳಿನಷ್ಟು ಚರ್ಮದ್ದು. ಚೂಪು ಮಾಡಿ ತೋರಿಸುತ್ತೇನೆ ಎಂದು ಏನೇನೋ ಒತ್ತಿದ. ಧನ್ಯಾಳ ಮುಖದ ಸುತ್ತ ಬಿಳಿ ಗೆರೆ ಎದ್ದು ದೇವರ ಪಟದ ಪ್ರಭಾವಳಿಯ ಹಾಗೆ ಹೊಳೆಯಿತು. ಹುಬ್ಬು ಮೆಟ್ಟಿಲು ಮೆಟ್ಟಿಲಾಯಿತು.

"ಬಲಗಡೆ ಒಂದು ಬಿಳಿ ಕಂಡ್ತು," ಎಂದಳು ದೇವಿ.

"ಎಡಗಡೆಯೂ ಕಂಡ್ತು," ಎಂದೆ ನಾನು.

"ನಿಮ್ಗೆ ಎಲ್ಲಿ ಬೇಕೋ ಅಲ್ಲಿ ಕಾಣ್ತದೆ."

"ನಿಂಗೆ?"

ಕೃಷ್ಣಾನಂದ ನಮ್ಮಿಬ್ಬರನ್ನೂ ಮಿಕಮಿಕ ನೋಡಿದ. ಇಡೀ ದಾರಿ ಬಸ್ಸಿನಲ್ಲಿ ನಾವು ಎಡ, ಬಲ ಎಂದು ಕಿತ್ತಾಡಿದೆವು. ಡ್ರೈವರ್ ಗುರುದತ್ತ ಕನ್ನಡಿಯಲ್ಲಿ ನೋಡಿ, "ಎಂತ ರಮಾನಂದಣ್ಣ, ನಂಗೆ ದಾರಿ ಹೇಳ್ತಿದ್ಯಾ?" ಎಂದು ನಕ್ಕ. ಸಿಟ್ಟು ಬಂತು, ಆದರೆ ಆ ಜಗಳ ನನಗೆ ಬೇಕಿತ್ತು. ಜಗಳಾಡುವಷ್ಟು ಹೊತ್ತು ಧನ್ಯಾ ನಮ್ಮ ನಡುವಿನ ಸೀಟಿನಲ್ಲಿ ಕೂತ ಹಾಗಿತ್ತು. ದೇವಿಗೂ ಬೇಕಿತ್ತು ಎಂದು ಕಾಣುತ್ತದೆ. ಇಳಿಯುವಾಗ ಅವಳೇ ಹೇಳಿದಳು, "ಕುಮಟಾದಲ್ಲಿ ದೊಡ್ಡ ಶೋರೂಮು ಆಗಿದ್ಯಂತೆ. ಅಲ್ಲಿ ಗೊತ್ತಾಗ್ತದೆ, ನೋಡ್ವ ಯಾರು ಸರಿ ಅಂತ."

ಕುಮಟಾಕ್ಕೆ ಹೋಗುವ ದಿನ ದೇವಿ ಹೊಸ ಸೀರೆ ಉಟ್ಟಳು. ಹೆಣ್ಣು ನೋಡುವ ಶಾಸ್ತ್ರಕ್ಕೆ ಹೊರಟ ಹಾಗೆ ಹೂ ಬೇರೆ ಮುಡಿದಳು. ನಾನು ತಮಾಷೆ ಮಾಡಲು ಹೋಗಿ ನಿಲ್ಲಿಸಿದೆ.

ಅಂಗಡಿಯ ಒಳಗೆ ಎಸಿಯ ತಂಪು. ಎದುರು ಗೋಡೆಯ ಮೇಲೆ ಇರುವುದರಲ್ಲೆಲ್ಲ ದೊಡ್ಡ ಟೀವಿ. ಅದರಲ್ಲಿ ಒಂದು ಹುಲಿ, ಮೀಸೆಯ ಒಂದೊಂದು ಕೂದಲೂ ಬೇರೆ ಬೇರೆ. ತೋರಿಸಲು ಬಂದ ಹುಡುಗಿಯ ಹೆಸರು ದೀಪಾ ಎಂದು ಅಂಗಿಗೆ ಸಿಕ್ಕಿಸಿದ ಪಟ್ಟಿಯಲ್ಲಿತ್ತು. ಧನ್ಯಾ ಇದ್ದಿದ್ದರೆ ಅದೇ ಪ್ರಾಯ. ಹಳೇ ಸೀಡಿಯನ್ನೂ ಚೆಂದ ಮಾಡಿ ತೋರಿಸುವ ಹೊಸ ಪ್ಲೇಯರ್ ಬಂದಿದೆ ಎಂದಳು. ದೇವಿ ನನ್ನ ಕೈ ಹಿಡಿದುಕೊಂಡಳು, ಜನರ ಎದುರೇ.

ಧನ್ಯಾ ಬಂದಳು. ಗೋಡೆಯ ಆ ಟೀವಿಯಲ್ಲಿ ಅವಳ ಮುಖ ನಮ್ಮ ಅಕ್ಕಿ ಕೇರುವ ಗೆರಸಿಯಷ್ಟು ದೊಡ್ಡದಾಗಿತ್ತು. "ನಿಲ್ಲಿಸಿ ನಿಲ್ಲಿಸಿ," ಎಂದೆ, ಬಸ್ಸಿನಲ್ಲಿ ಕೂಗುವ ದನಿಯಲ್ಲೇ. ದೀಪಾ ನಿಲ್ಲಿಸಿದಳು. ನಾನು ಒಂದು ಕಡೆಯಿಂದ, ದೇವಿ ಒಂದು ಕಡೆಯಿಂದ ಹತ್ತಿರ ಹೋದೆವು.

ಮುಖ ಇರಲಿಲ್ಲ. ದೂರದಿಂದ ಇದ್ದ ಮುಖ ಹತ್ತಿರ ಹೋದಾಗ ಬರೀ ಚೌಕ ಚೌಕ ಆಗಿತ್ತು. ಕಂದು ಚೌಕ, ಹಳದಿ ಚೌಕ. ಕಣ್ಣು ಎಂದುಕೊಂಡದ್ದು ನಾಲ್ಕು ಕಪ್ಪು ಚೌಕ. ಹುಬ್ಬು ಇರಬೇಕಾದಲ್ಲಿ ಲೈಟಿನ ಬಿಳಿ ಬಡಿದು ಎರಡೂ ಕಡೆ ಒಂದೇ ಬೂದಿ ಬಣ್ಣ.

"ಇನ್ನೂ ಚೂರು ಸರಿ ಮಾಡಮ್ಮಾ," ಎಂದಳು ದೇವಿ. "ಹುಲಿಯದ್ದು ಕಂಡ್ತಲ್ಲ. ಮೀಸೆ ಕಂಡ್ತಲ್ಲ."

"ಹುಲಿಯದ್ದು ಬೇರೆ ಅಮ್ಮಾ. ಅದನ್ನ ತೆಗೆಯುವಾಗ್ಲೇ ಹಾಂಗೆ ತೆಗೆದಿದ್ದಾರೆ. ಇದ್ರಲ್ಲಿ..." ದೀಪಾ ತಡವರಿಸಿದಳು. "ಈ ಸೀಡಿಯೊಳಗೆ ಇರೂದೇ ಇಷ್ಟು. ಎಷ್ಟು ದೊಡ್ಡ ಟೀವಿ ತಂದ್ರೂ ಇಷ್ಟನ್ನೇ ದೊಡ್ಡ ಮಾಡ್ತದೆ."

"ಇಷ್ಟೇಯಾ?"

"ಇಷ್ಟೇ ಅಮ್ಮಾ. ನೀವು ಹಿಂದೆ ಹೋಗಿ ನೋಡಿ, ದೂರದಿಂದ ಚಂದ ಕಾಣ್ತದೆ."

ದೇವಿ ಹಿಂದೆ ಹಿಂದೆ ಸರಿದಳು. ಫ್ರಿಜ್ಜುಗಳ ಸಾಲು ದಾಟಿ, ಬಾಗಿಲು ದಾಟಿ, ಹೊರಗಿನ ಬಿಸಿಲಿಗೆ ಹೋಗಿ ನಿಂತಳು. ಅಲ್ಲಿಂದ ಅವಳಿಗೆ ಧನ್ಯಾ ಕಂಡಿರಬೇಕು, ಯಾಕೆಂದರೆ ಅವಳ ಮುಖ ಅರಳಿತು. ಮರುಗಳಿಗೆ ಅರಳಿದ್ದು ಬಾಡಿತು. ಒಳಗೆ ಓಡಿ ಬಂದಳು, ಮತ್ತೆ ಚೌಕ ಚೌಕ. ಮತ್ತೆ ಬಾಗಿಲಿಗೆ ಹೋದಳು. ದೀಪಾ ಕಣ್ಣೊರೆಸಿಕೊಂಡಳು. ನನಗೆ ನೋಡಲಾಗಲಿಲ್ಲ.

"ಹತ್ರ ಬಂದ್ರೆ ಹೋಗ್ತಾಳೆ," ಎಂದಳು ದೇವಿ ನನ್ನ ಬಳಿ ಬಂದು. "ನಡೀರಿ."

ಟೀವಿ ತೆಗೆದುಕೊಳ್ಳಲಿಲ್ಲ. ಕುಮಟಾ ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ರೂಟಿನದೇ ಬಸ್ಸು ಸಿಕ್ಕಿತು, ನಾನು ಡ್ಯೂಟಿಯಲ್ಲಿಲ್ಲದ ಕಾರಣ ಪ್ರಯಾಣಿಕನ ಹಾಗೆ ದೇವಿಯ ಪಕ್ಕ ಕೂತೆ. ಅವಳು ಸೀಡಿಯ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಹೊರಗೆ ನೋಡುತ್ತಿದ್ದಳು. ಶರಾವತಿಯ ಸೇತುವೆ ಬಂತು, ಹೋಯಿತು. ಅವಳು ಈಗ ಶುರುಮಾಡುತ್ತಾಳೆ ಎಂದು ಕಾಯುತ್ತಿದ್ದೆ. ಬಲ ಎನ್ನಲಿ, ಈ ಸಲ ನಾನೇ ಸೋತುಬಿಡುತ್ತೇನೆ ಎಂದು ನಿಶ್ಚಯ ಮಾಡಿದ್ದೆ. ಅಷ್ಟಾದರೂ ಅವಳಿಗೆ ಸಮಾಧಾನ ಸಿಗಲಿ.

ದೇವಿ ಕಿಟಕಿಯ ಕಡೆಗೇ ಮುಖ ಮಾಡಿಕೊಂಡು ಹೇಳಿದಳು, "ನೀವು ಹೇಳಿದ್ದೇ ಸರಿ. ಎಡಗಡೆನೇ ಇತ್ತು."

ಮದುವೆಯಾದಾಗಿನಿಂದ ಅವಳ ಬಾಯಲ್ಲಿ ಆ ಮಾತು ಕೇಳಲು ಕಾದವನು ನಾನು. "ಅಲ್ಲ ಮಾರಾಯ್ತಿ," ಎಂದೆ, "ಬಲಗಡೆ. ನಂಗೆ ಅಂಗಡಿಯಲ್ಲೇ ಗೊತ್ತಾಯ್ತು. ಜಡೆ ಹಾಕಿದವಳು ನೀನು, ನಿಂಗೆ ತಪ್ಪೂದುಂಟಾ?"

"ನನ್ನ ಸಮಾಧಾನಕ್ಕೆ ಹೇಳ್ಬ್ಯಾಡಿ."

"ನೀನೂ ಹೇಳ್ಬ್ಯಾಡ."

ದೇವಿ ನನ್ನ ಕಡೆ ತಿರುಗಿದಳು. ಅವಳ ಕಣ್ಣಿನಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ. "ಹಾಂಗಾದ್ರೆ ನಿಮ್ಗೂ ಗೊತ್ತಿಲ್ವಾ?" ಎಂದಳು. "ಒಬ್ಬರಿಗಾದ್ರೂ ಗೊತ್ತಿದೆ ಅಂದ್ಕಂಡಿದ್ದೆ. ನನ್ಗಲ್ಲದಿದ್ರೆ ನಿಮ್ಗೆ ಅಂದ್ಕಂಡಿದ್ದೆ."

ನಾನೂ ಹಾಗೆಯೇ ಅಂದುಕೊಂಡಿದ್ದೆ. ನನಗೆ ಮರೆತರೂ ಅವಳ ಹತ್ತಿರ ಇದೆ, ಹೆತ್ತವಳ ಹತ್ತಿರ ಇರುತ್ತದೆ, ಜಗಳಕ್ಕಾದರೂ ಎದುರಿಗೆ ಒಬ್ಬಳು ಗಟ್ಟಿಯಾಗಿ ಹಿಡಿದುಕೊಂಡು ನಿಂತಿದ್ದಾಳೆ ಎಂದು. ಇಬ್ಬರೂ ಒಂದೇ ಸಲ ಕೈ ಬಿಟ್ಟಿದ್ದೆವು. ಆಸ್ಪತ್ರೆಯಿಂದ ಧನ್ಯಾಳನ್ನು ತಂದ ದಿನವೂ ನನಗೆ ಮಗಳು ಇಷ್ಟು ಪೂರ್ತಿ ಹೋದಳು ಎನಿಸಿರಲಿಲ್ಲ.

ದೇವಿ ಚೀಲಕ್ಕೆ ಮುಖ ಇಟ್ಟು ಅಳತೊಡಗಿದಳು. ನಾನು ಹೆಗಲ ಮೇಲೆ ಕೈ ಇಟ್ಟೆ, ನನಗೂ ತಡೆಯಲಾಗಲಿಲ್ಲ, ದಿನಾ ಸುಮ್ಮನಿರಿ ಎಂದು ನಾನು ಗದರಿಸುವ ಜನರ ಎದುರಿಗೇ ದೊಡ್ಡ ದನಿ ತೆಗೆದು ಅತ್ತೆ. ಮಂಕಿ ಸ್ಟಾಪು ಬಂತು, ಆ ಬಸ್ಸಿನ ಕಂಡಕ್ಟರ್ ನಮ್ಮನ್ನು ಇಳಿಯಿರಿ ಎನ್ನಲಿಲ್ಲ, ನಾವಾಗಿಯೇ ಏಳುವ ತನಕ ಬಸ್ಸು ನಿಲ್ಲಿಸಿಕೊಂಡು ಕಾದ.